ಕಣ್ಣು ಎಳೆದು ನೋಡುವ ಕಾಂಪೌಂಡರು

ನಮ್ಮ ಹಿರಿಯೂರಿನಲ್ಲಿ ಅವರಿಗೆ ಕಣ್ಣು ತೋರಿಸದೆ ಒಂದು ಲೋಟ ಟೀ ಕುಡಿಯುವ ಹಾಗಿರಲಿಲ್ಲ. ಬಸ್ ನಿಲ್ದಾಣದ ಎದುರಿನ ಹೋಟೆಲಿನ ಬೆಂಚೇ ಅವರ ಕಚೇರಿ. ಪರಿಚಯದವರು ಯಾರೇ ಬರಲಿ, “ಬರ್ರಿ, ಕುಂತ್ಕಳ್ರಿ” ಅನ್ನುವುದು, ಕೂತವನ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ಒಳಗಿನ ಬಣ್ಣ ನೋಡುವುದು. ಕೆಂಪಗಿದ್ದರೆ “ಜೀವ ಗಟ್ಟಿ ಐತೆ” ಅಂತ ಬೆನ್ನು ತಟ್ಟುತ್ತಿದ್ದರು. ಬಿಳಿಚಿದ್ದರೆ ಹೋಟೆಲಿನವನಿಗೆ ಕೂಗಿ, “ಇವನಿಗೆ ಟೀ ಕೊಡಬ್ಯಾಡ ಕಣೋ, ಮೈಯಾಗೆ ರಕ್ತಾನೇ ಇಲ್ಲ, ಶೇಂಗಾ ಬೆಲ್ಲ ಕೊಡು” ಅಂತ ಎಲ್ಲರೆದುರು ಮಾನ ಕಳೆಯುತ್ತಿದ್ದರು. ಆ ಹೆಬ್ಬೆರಳು ಬೀಡಿ, ಡೆಟಾಲು, ಕುರಿ ಉಣ್ಣೆ ಎಲ್ಲ ಸೇರಿ ನಾರುತ್ತಿತ್ತು. ಮೊದಮೊದಲು ನನಗೆ ವಾಕರಿಕೆ ಬರುತ್ತಿತ್ತು, ಆಮೇಲೆ ನಾನೇ ಕನ್ನಡಕ ತೆಗೆದು ಮುಖ ಮುಂದೆ ಮಾಡುತ್ತಿದ್ದೆ.

ಅವರ ಹೆಸರು ಇಲ್ಲಿ ಬೇಡ. ಊರಿನಲ್ಲೂ ಯಾರೂ ಹೆಸರು ಹಿಡಿದು ಕರೆದವರಲ್ಲ, ಎಲ್ಲರಿಗೂ ಕಾಂಪೌಂಡರಣ್ಣ. ಪಶು ಆಸ್ಪತ್ರೆಯಲ್ಲಿ ಔಷಧಿ ಕುಡಿಸಿ, ಗಾಯ ತೊಳೆದು, ನಿವೃತ್ತರಾದವರು. ಧರ್ಮಪುರದ ಕಡೆಯ ಕುರಿ ಸಾಕುವ ಮನೆತನ. ಆ ಮನೆಗಳಲ್ಲಿ ಬೆಳಿಗ್ಗೆ ಕುರಿ ಬಿಡುವ ಮುಂಚೆ ರೆಪ್ಪೆ ಎಳೆದು ನೋಡುವುದು ಹಲ್ಲುಜ್ಜುವಷ್ಟೇ ಸಹಜ. ಹೊಟ್ಟೆಯಲ್ಲಿ ಜಂತು ಸೇರಿ ರಕ್ತ ಹೀರುತ್ತಿದ್ದರೆ ಕುರಿ ಮೇಯುತ್ತಲೇ ಇರುತ್ತದೆ, ಓಡಾಡುತ್ತಲೇ ಇರುತ್ತದೆ, ರೆಪ್ಪೆಯ ಒಳಗು ಮಾತ್ರ ಬೆಳ್ಳಗಾಗುತ್ತದೆ. ಅವರು ಅದನ್ನೇ ಮನುಷ್ಯರಿಗೂ ಹಚ್ಚಿದ್ದರು.

ಅವರು ತೀರಿಕೊಂಡು ವರ್ಷವಾಗುತ್ತ ಬಂತು. ಬರೆಯಲು ಕೂತಿದ್ದೇನೆ. ಬರೀ ಪ್ರೀತಿಯಿಂದ ಅಂತ ತಿಳಿಯಬೇಡಿ, ಅರ್ಧ ಸಿಟ್ಟಿನಿಂದ.

ಸಿಟ್ಟು ಯಾಕೆಂದರೆ ಆ ಮನುಷ್ಯ ತಪ್ಪಿದ್ದೇನೆ ಅಂತ ಒಪ್ಪಿಕೊಂಡದ್ದನ್ನು ನಾನು ಕಾಣೆ. ಒಮ್ಮೆ ಸಂತೆಯಲ್ಲಿ ಯಾರಿಗೋ ಒಂದು ಟಗರು ಕೊಡಿಸಿದರು. ಕಣ್ಣು ಎಳೆದು ನೋಡಿ, “ತಗಂಡೋಗು, ಬೆಂಕಿ ಐತೆ ಇದ್ರ ಮೈಯಾಗೆ” ಅಂದರು. ಟಗರು ಆ ವಾರವೇ ಸತ್ತಿತು. ತಗೊಂಡವನು ಹೋಟೆಲಿಗೇ ಬಂದು ಜಗಳ ತೆಗೆದ. ಇವರು ಬೀಡಿ ಕೆಳಗಿಡಲಿಲ್ಲ. “ರಕ್ತ ಇತ್ತು ಕಣಪ್ಪ. ನಿಮ್ಮನೆ ನಾಯಿ ಕಂಡು ಎದೆ ಒಡೆದು ಸತ್ತೈತೆ” ಅಂದರು. ಬೆಂಚಿನ ಮೇಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ.

ಆದರೆ ಕಣ್ಣು ನೋಡುವ ಹುಚ್ಚಿನ ಹಿಂದೆ ಒಂದು ಸಾವಿತ್ತು. ಅವರ ಹೆಂಡತಿ ಮಗಳನ್ನು ಹೆತ್ತು, ಮೈಯಲ್ಲಿ ರಕ್ತವಿಲ್ಲದೆ ಬಾಣಂತಿತನದಲ್ಲೇ ಹೋದರಂತೆ. ಅದನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ನನ್ನ ಝೆರಾಕ್ಸ್ ಅಂಗಡಿಯ ಸ್ಟೂಲಿನ ಮೇಲೆ ಕೂತು, ರಸ್ತೆ ನೋಡುತ್ತ.

“ಊರಾಗಿನ ಕುರಿ ಕಣ್ಣೆಲ್ಲ ನೋಡ್ದೆ ಕಣೋ ತಮ್ಮ. ಮನೆಯಾಕೆ ಕಣ್ಣು ನೋಡ್ಲಿಲ್ಲ.”

ಆಮೇಲೆ ಮಗಳನ್ನು ಒಬ್ಬರೇ ಸಾಕಿದರು. ಜಡೆ ಹಾಕುವುದು ಕಲಿತರು, ಮುದ್ದೆ ತಿರುವುವುದು ಕಲಿತರು. ದಿನಾ ಬೆಳಿಗ್ಗೆ ಸ್ಕೂಲಿಗೆ ಹೊರಟ ಹುಡುಗಿಯನ್ನು ಬಾಗಿಲಲ್ಲಿ ನಿಲ್ಲಿಸಿ ರೆಪ್ಪೆ ಎಳೆದು ನೋಡಿಯೇ ಬಿಡುತ್ತಿದ್ದರು. ಅವಳು ಬಿಕಾಂ ಓದುವಾಗಲೂ ಬಿಡಲಿಲ್ಲ. ಕಂಪ್ಯೂಟರ್ ಕಲಿಯಲು ನನ್ನ ಅಂಗಡಿಗೆ ಬರುತ್ತಿದ್ದಳು. ಅಪ್ಪ ಬಂದ ಕೂಡಲೇ ತಾನೇ ಕಣ್ಣು ಎಳೆದು ತೋರಿಸಿ, “ಆಯ್ತಾ? ಹೋಗಪ್ಪಾ ಇನ್ನ” ಅಂತ ರೇಗುತ್ತಿದ್ದಳು. ನಿವೃತ್ತಿಯಾದಾಗ ಅವರು ಮೊದಲು ಕೊಂಡದ್ದು ಅವಳಿಗೊಂದು ಕಂಪ್ಯೂಟರು.

ಆ ಹುಡುಗಿ ಹೊಸದುರ್ಗದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದವನನ್ನು ಮೆಚ್ಚಿ, ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದಳು. ಬೇರೆ ಜಾತಿ. ಕಾಂಪೌಂಡರಣ್ಣ ಕೂಗಾಡಲಿಲ್ಲ. ಮನೆದೇವರ ಮುಂದಿನ ಅರಿಶಿನ ಭಂಡಾರ ಮುಟ್ಟಿ, ನೆಂಟರೆದುರು ಆಣೆ ಮಾಡಿದರು: ಅವಳು ನನ್ನ ಹೊಸ್ತಿಲು ತುಳಿಯಂಗಿಲ್ಲ, ನಾನು ಅವಳ ಹೊಸ್ತಿಲು ತುಳಿಯಲ್ಲ. ಕುಲಸ್ಥರು ಭೇಷ್ ಅಂದರು. ಭೇಷ್ ಅಂದವರು ಊಟ ಮಾಡಿಕೊಂಡು ಹೋದರು. ಇವರು ಮಗಳ ಕಂಪ್ಯೂಟರಿನ ಮೇಲೆ ಒಂದು ಕಂಬಳಿ ಹೊದಿಸಿ ಮೂಲೆಗೆ ತಳ್ಳಿದರು.

ಆಣೆ ಮಾಡಿದ ದಿನದಿಂದಲೇ ಅದು ಅವರನ್ನು ತಿನ್ನುತ್ತಿತ್ತು. ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿದ್ದ ವರ್ಷ ಇಡೀ ಸೀಮೆಯೇ ನೀರು ನೋಡಲು ಹೋಯಿತಲ್ಲ, ಇವರೂ ಹೋದರು. ಬೆಳಿಗ್ಗೆ ಹೋದವರು ಸಂಜೆ ಬಂದರು. “ಏನಣ್ಣ, ಅಷ್ಟೊತ್ತು ನೀರು ನೋಡಿದ್ರಾ?” ಅಂದರೆ, “ಹೂಂ, ನೀರೇ” ಅಂದರು. ಆಮೇಲೆ ಮಗಳು ಫೋನಿನಲ್ಲಿ ನನಗೆ ಹೇಳಿದಳು, ಅಪ್ಪ ಬಂದೇ ಬರ್ತಾರೆ ಅಂತ ಅವಳೂ ಅಲ್ಲಿಗೆ ಬಂದಿದ್ದಳಂತೆ. ಅಷ್ಟು ಜನರ ನಡುವೆ ಒಬ್ಬರಿಗೊಬ್ಬರು ಸಿಕ್ಕಲಿಲ್ಲ.

ಅದಾಗಿ ಸ್ವಲ್ಪ ಕಾಲಕ್ಕೆ ಮತ್ತೆ ಅವಳ ಫೋನು. ಐದು ತಿಂಗಳಾಗಿದೆ, ಅಪ್ಪನಿಗೆ ಹೇಳಿ ಅಂದಳು. ನಾನು ಹೋಟೆಲಿಗೆ ಹೋಗಿ ಹೇಳಿದೆ. ಅವರು ಲೋಟ ಬೆಂಚಿನ ಮೇಲಿಟ್ಟರು. “ರಕ್ತ ಯಂಗೈತಂತೆ?” ಅದೊಂದೇ ಪ್ರಶ್ನೆ.

“ಫೋನ್ ಮಾಡಿ ನೀವೇ ಕೇಳ್ರಿ.”

“ದನಿ ಕೇಳಿದ್ರೆ ರಕ್ತ ಗೊತ್ತಾಗ್ತದೇನೋ?”

“ಹಂಗಾದ್ರೆ ಹೋಗಿ ನೋಡ್ರಿ. ಹೊಸದುರ್ಗ ಏನು ಕಾಶಿನಾ?”

ನನ್ನ ಮೊಬೈಲಿನಲ್ಲಿ ವಿಡಿಯೋ ಕಾಲ್ ಹಚ್ಚಿ ಮಗಳ ಮುಖ ತೋರಿಸಿದೆ. “ಕಣ್ಣು ಎಳಿ” ಅಂದರು. ಅವಳು ನಗುತ್ತ ಎಳೆದಳು. ಇವರು ಪರದೆಯನ್ನು ಮೂಗಿಗೆ ಹಿಡಿದು ನೋಡಿ, ತಲೆ ಅಲ್ಲಾಡಿಸಿ ಕೊಟ್ಟುಬಿಟ್ಟರು. “ಉಗುರಷ್ಟು ಕಾಣ್ತೈತೆ. ಇದ್ರಾಗೆ ಏನ್ ನೋಡ್ಲಿ?” ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮುಂಚೆಯೇ ಬಂದು ನಿಂತಿದ್ದರು. ಕಂಪ್ಯೂಟರಿನ ಕಂಬಳಿ ತೆಗೆದಿದ್ದರಂತೆ. ಅದರ ಪರದೆ ದೊಡ್ಡದು, ಅದಕ್ಕೊಂದು ಒಳ್ಳೆ ಕ್ಯಾಮೆರಾ ಹಾಕಿದರೆ ಮಗಳು ಚೆನ್ನಾಗಿ ಕಾಣುತ್ತಾಳೆ, ಚಿತ್ರದುರ್ಗಕ್ಕೆ ಹೋಗಾಣ ನಡಿ ಅಂದರು.

“ಅಣ್ಣ, ನಿಮ್ಮನೆ ಕ್ಯಾಮೆರಾ ನಿಮ್ಮ ಮುಖ ಅವಳಿಗೆ ತೋರಿಸ್ತದೆ. ಅವಳು ಕಾಣಬೇಕು ಅಂದ್ರೆ ಒಳ್ಳೇದು ಅವಳ ಹತ್ರ ಇರಬೇಕು.”

ಇದನ್ನು ಅವರ ತಲೆಗೆ ಹೊಗಿಸುವುದರಲ್ಲಿ ನನಗೆ ಸಾಕಾಯಿತು. ಕಣ್ಣು ಚುರುಕಾಗಿರಬೇಕಾದ್ದು ನೋಡುವವನದ್ದೋ, ನೋಡಿಸಿಕೊಳ್ಳುವವಳದ್ದೋ ಅಂತ ಅವರ ವಾದ. ಕೊನೆಗೆ ಎರಡು ಕೊಳ್ಳುವುದು, ಒಂದನ್ನು ಹೊಸದುರ್ಗದ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುವುದು ಅಂತಾಯಿತು. ಮಗಳು ಮನೆಯಲ್ಲೇ ಅಂಗಡಿಯವರ ಲೆಕ್ಕ ಬರೆದುಕೊಡುತ್ತಿದ್ದಳು, ಅವಳ ಹತ್ತಿರವೂ ಹಳೆಯದೊಂದು ಕಂಪ್ಯೂಟರ್ ಇತ್ತು.

ಚಿತ್ರದುರ್ಗದ ಆ ಅಂಗಡಿಯನ್ನು ನಾನು ಮರೆಯುವ ಹಾಗಿಲ್ಲ. ಅಂಗಡಿ ಇಟ್ಟಿದ್ದಾಕೆ ನಡುವಯಸ್ಸಿನ ಹೆಂಗಸು, ತಾಳ್ಮೆಯವರು. ಒಂದು ಎಚ್‌ಡಿ ವೆಬ್‌ಕ್ಯಾಮ್ ಸಿಕ್ಕಿಸಿ, ಇದರ ಮೈಕ್ ಹೀಗೆ, ಫೋಕಸ್ ಹೀಗೆ ಅಂತ ಶುರು ಮಾಡಿದರು. “ಅದೆಲ್ಲ ಇರ್ಲಿ ತಾಯಿ” ಅಂತ ಕಾಂಪೌಂಡರಣ್ಣ ಕುರ್ಚಿ ಎಳೆದುಕೊಂಡು, ಕ್ಯಾಮೆರಾಕ್ಕೆ ಮುಖ ಒಡ್ಡಿ, ತಮ್ಮ ರೆಪ್ಪೆ ತಾವೇ ಎಳೆದರು. ಪರದೆಯ ತುಂಬ ಒಂದು ಕಣ್ಣು. ಒಳಗು ಸುಣ್ಣದ ಹಾಗೆ ಬೆಳ್ಳಗಿತ್ತು.

“ಥೂ, ಇದ್ರಾಗೆ ನಾನು ಸತ್ತೇ ಹೋಗೀನಿ. ಬ್ಯಾರೇದು ಹಾಕ್ರಿ.”

ಬೇರೆಯದರಲ್ಲೂ ಬಿಳುಪೇ. ಅದರಾಚೆಯದರಲ್ಲೂ ಅಷ್ಟೇ. ನನಗೆ ಹೊಟ್ಟೆ ಹಸಿಯುತ್ತಿತ್ತು. ಮೊದಲನೆಯದನ್ನೇ ವಾಪಸ್ ಸಿಕ್ಕಿಸಿ, ಕನ್ನಡಕ ತೆಗೆದು ನನ್ನ ರೆಪ್ಪೆ ಎಳೆದು ತೋರಿಸಿದೆ. ಕೆಂಪಗೇ ಕಾಣಿಸಿತು.

“ನೋಡ್ರಿ ಅಣ್ಣ. ಕ್ಯಾಮೆರಾ ಸರಿಯಾಗೇ ಐತಲ್ಲ?”

“ಲೇ, ನಿಂಗೆ ಬಿಪಿ ಐತೆ. ನೀನು ಕತ್ತಲಾಗೆ ನಿಂತ್ರೂ ಕೆಂಪಗೇ ಕಾಣ್ತೀಯ. ನಿನ್ನ ಕಣ್ಣು ನಂಬ್ಕಂಡು ಕ್ಯಾಮೆರಾ ತಗಳಾಕಾಗ್ತದಾ?”

ಅಂಗಡಿಯಾಕೆ ಬಾಯಿಗೆ ಸೆರಗು ಹಿಡಿದು ನಕ್ಕರು. ನಕ್ಕು, ಗಾಜಿನ ಬೀರುವಿನಿಂದ ಇನ್ನೊಂದನ್ನು ತೆಗೆದು ಹಾಕಿದರು. ಅದರಲ್ಲಿ ಕಾಂಪೌಂಡರಣ್ಣನ ಕಪ್ಪು ಮುಖಕ್ಕೆ ಇದ್ದಕ್ಕಿದ್ದಂತೆ ಕಳೆ ಬಂತು. ರೆಪ್ಪೆ ಎಳೆದರೆ ಒಳಗೆ ದಾಳಿಂಬೆ ಕೆಂಪು.

“ಹಾಂ! ಇದು ಕಣ್ಣು. ಇದು ನನ್ನ ಕಣ್ಣು.”

“ಅಣ್ಣಾರೇ, ಇದು ಹೆಣ್ಣು ತೋರ್ಸೋರು ತಗಂಡೋಗ್ತಾರೆ. ಬಣ್ಣ ಒಂದೀಟು ಹೆಚ್ಚಿಗೇನೇ ತೋರಿಸ್ತದೆ” ಅಂದರು ಆಕೆ, ಪ್ರಾಮಾಣಿಕವಾಗಿ.

ನಾನೂ ಹೇಳಿದೆ, ಮೊದಲಿನದೇ ವಾಸಿ ಅಂತ. ಯಾರು ಕೇಳಬೇಕು? “ನನ್ನ ರಕ್ತ ನಂಗೊತ್ತಿಲ್ವೇನ್ರಿ?” ಅಂದರು. ಆ ಮನುಷ್ಯ ಕನ್ನಡಿ ನೋಡಿದ್ದನ್ನು ನಾನು ಕಂಡವನಲ್ಲ. ಕ್ಷೌರಕ್ಕೆ ಕೂತರೂ ಕಣ್ಣು ಮುಚ್ಚಿಯೇ ಕೂರುತ್ತಿದ್ದರು. ಹೋಟೆಲಿನಲ್ಲಿ ಯಾರಾದರೂ ತಮಾಷೆಗೆ ಅವರ ರೆಪ್ಪೆಗೆ ಕೈ ಹಾಕಿದರೆ ಕೈ ಬಡಿದು ತಳ್ಳುತ್ತಿದ್ದರು. ಮಗಳಿಗೂ ತಮಗೂ ಅದರದ್ದೇ ಎರಡು ಕೊಂಡರು. ಬರುತ್ತ ಬಸ್ಸಿನಲ್ಲಿ ಎರಡು ಡಬ್ಬಿಗಳನ್ನೂ ತೊಡೆಯ ಮೇಲಿಟ್ಟುಕೊಂಡು ಮಕ್ಕಳ ಹಾಗೆ ಖುಷಿಯಾಗಿದ್ದರು.

ಆಮೇಲೆ ಪ್ರತಿ ಸೋಮವಾರ ನಾನು ಅವರ ಮನೆಗೆ ಹೋಗಿ ಕಾಲ್ ಹಚ್ಚಿಕೊಡುವುದು. ಅಪ್ಪ ಮಗಳು ಮೊದಲ ದಿನ ಮಾತೇ ಆಡಲಿಲ್ಲ. ಅವಳು ಅತ್ತಳು, ಇವರು ಕೀಬೋರ್ಡಿನ ಧೂಳು ಒರೆಸುತ್ತ ಕೂತರು. ಒಮ್ಮೆ ಅಳಿಯ ಹಿಂದಿನಿಂದ ಹಾದುಹೋದ. “ಯಾರದು ಅಡ್ಡ ಬರೋರು?” ಅಂತ ಮಗಳನ್ನು ಕೇಳಿದರೇ ಹೊರತು ಅವನನ್ನು ಮಾತಾಡಿಸಲಿಲ್ಲ. ಬರಬರುತ್ತ ಊಟ, ತಿಂಡಿ, ಕಾಲು ಬಾವು ಎಲ್ಲ ಮಾತು. ಕೊನೆಗೆ “ಕಣ್ಣು ಎಳಿ ಮಗಳೇ” ಅನ್ನುವರು. ಅವಳು ಕ್ಯಾಮೆರಾಕ್ಕೆ ಬಗ್ಗುವಳು. ಪರದೆಯ ತುಂಬ ಕೆಂಪು. “ಜೀವ ಗಟ್ಟಿ ಐತೆ” ಅಂತ ಇವರು ಪರದೆಯ ಗಾಜು ತಟ್ಟುವರು. ಅಷ್ಟು ಸಂತೋಷವಾಗಿದ್ದ ಮನುಷ್ಯನನ್ನು ಆ ವರ್ಷ ಹಿರಿಯೂರಿನಲ್ಲಿ ನಾನು ಇನ್ನೊಬ್ಬರನ್ನು ನೋಡಲಿಲ್ಲ.

ಏಳನೇ ತಿಂಗಳಲ್ಲಿ ಅವಳು ಹೇಳಿದಳು: “ಅಪ್ಪಾ, ಆಸ್ಪತ್ರೆಯಾಗೆ ರಕ್ತ ಕಡಿಮೆ ಅಂದ್ರು. ಕಬ್ಬಿಣದ ಮಾತ್ರೆ ಕೊಟ್ಟವ್ರೆ. ತಗಂಡ್ರೆ ಬರೇ ವಾಂತಿ.”

“ಕಣ್ಣು ಎಳಿ.”

ಎಳೆದಳು.

“ಯಾವನು ಕಡಿಮೆ ಅಂದೋನು? ದಾಸವಾಳ ಇದ್ದಂಗೈತೆ. ವಾಂತಿ ಬರ್ತದೆ ಅಂದ್ರೆ ಬಿಟ್ಟಾಕು. ಬೆಲ್ಲ, ಶೇಂಗಾ ಕಳಿಸ್ತೀನಿ.”

ನಾನು ಹಿಂದೆ ನಿಂತಿದ್ದೆ. “ಅಣ್ಣ, ಡಾಕ್ಟ್ರು ಸೂಜಿ ಚುಚ್ಚಿ ನೋಡಿರ್ತಾರೆ, ಮಾತ್ರೆ ಬಿಡಿಸಬ್ಯಾಡ್ರಿ” ಅಂದೆ. ಅವಳಿಗೂ ಕೇಳುವ ಹಾಗೆ ಗಟ್ಟಿಯಾಗಿಯೇ ಅಂದೆ. ಇಬ್ಬರೂ ನಕ್ಕರು. ಅವಳು ಹುಟ್ಟಿದಾಗಿನಿಂದ ನಂಬಿದ್ದು ಆ ಒಂದು ಹೆಬ್ಬೆರಳನ್ನು. ಮುಂದಿನ ಪರೀಕ್ಷೆಗೆ ಕರೆಯಲು ಆಸ್ಪತ್ರೆಯಿಂದ ಬಂದವರಿಗೂ, “ನಮ್ಮಪ್ಪ ನೋಡ್ಯವ್ರೆ” ಅಂತ ಹೇಳಿ ಕಳಿಸಿದಳಂತೆ.

ಹೆರಿಗೆಯ ದಿನ ಮಧ್ಯಾಹ್ನ ಅಳಿಯ ನನಗೆ ಫೋನ್ ಮಾಡಿದ. ಹೆಣ್ಣು ಮಗು, ಚೆನ್ನಾಗಿದೆ. ತಾಯಿಗೆ ರಕ್ತ ನಿಲ್ಲುತ್ತಿಲ್ಲ, ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೊರಟಿದ್ದೇವೆ, ರಕ್ತ ಬೇಕು, ಬರ್ರಿ. ಆಸ್ಪತ್ರೆ ಅವಳ ಹೊಸ್ತಿಲಲ್ಲ, ಆಣೆ ಮುರಿಯುವುದಿಲ್ಲ ಅಂತ ಕಾಂಪೌಂಡರಣ್ಣನಿಗೆ ಸಮಜಾಯಿಷಿ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಅದೇನೂ ಬೇಕಾಗಲಿಲ್ಲ. ಸುದ್ದಿ ಕೇಳಿದವರೇ ಚಪ್ಪಲಿ ಕೂಡ ಮೆಟ್ಟದೆ ನನ್ನ ಬೈಕಿನ ಹಿಂದೆ ಕೂತರು. “ನಂದು ಅವಳದು ಒಂದೇ ರಕ್ತ. ನಂದೇ ಹಾಕಲಿ, ಪೂರಾ ತಗಳ್ಳಿ” ಅನ್ನುತ್ತಲೇ ಇದ್ದರು, ದುರ್ಗ ಬರುವ ತನಕ.

ಅಳಿಯ ಆಗಲೇ ರಕ್ತ ಕೊಟ್ಟು ಬಂದು, ತೋಳಿಗೆ ಹತ್ತಿ ಒತ್ತಿಕೊಂಡು ಕಾರಿಡಾರಿನಲ್ಲಿ ನಿಂತಿದ್ದ. ಇವರು ಅವನನ್ನು ದಾಟಿಕೊಂಡು ರಕ್ತ ತೆಗೆಯುವ ಕೋಣೆಗೆ ನುಗ್ಗಿ ತೋಳು ಚಾಚಿದರು. ಅಲ್ಲಿದ್ದ ಹೆಣ್ಣುಮಗಳು ತೋಳು ಮುಟ್ಟಲಿಲ್ಲ. ಮೊದಲು ಇವರ ಮುಖ ನೋಡಿದಳು. ಮುಂದೆ ಬಂದು, ಹೆಬ್ಬೆರಳಿನಿಂದ ಇವರ ಕಣ್ಣಿನ ಕೆಳರೆಪ್ಪೆ ಎಳೆದಳು. ಆಮೇಲೆ ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ನೀಲಿ ದ್ರವದ ಶೀಷೆಗೆ ಬಿಟ್ಟಳು. ರಕ್ತ ಸಾಕಷ್ಟಿದ್ದರೆ ಹನಿ ಮುಳುಗಬೇಕಂತೆ. ಅದು ಮೇಲೆಯೇ ತೇಲುತ್ತಿತ್ತು.

“ಅಜ್ಜ, ನಿಮ್ಮ ಮೈಯಾಗೇ ರಕ್ತ ಇಲ್ಲ. ನೀವು ಕೊಡಂಗಿಲ್ಲ, ನಿಮಗೇ ಹಾಕಬೇಕು. ಎಷ್ಟು ದಿನದಿಂದ ಹಿಂಗೆ?”

“ಇನ್ನೊಂದ್ಸಲ ಚುಚ್ಚಿ ನೋಡು ತಾಯಿ.”

ಪಾಪ, ಆಕೆ ಚುಚ್ಚಿದಳು. ಆ ಹನಿಯೂ ತೇಲಿತು. ಕಾಂಪೌಂಡರಣ್ಣ ಶೀಷೆಯನ್ನು ನೋಡುತ್ತ ನಿಂತರು. ಅವರ ಮುಖದಲ್ಲಿ ಒಂದೊಂದೇ ಗೊತ್ತಾಗುತ್ತ ಹೋದದ್ದನ್ನು ನಾನು ನೋಡಿದೆ. ಅದನ್ನು ನೋಡಬಾರದಿತ್ತು ಅನ್ನಿಸುತ್ತದೆ ಈಗಲೂ.

“ಮೊದಲ್ನೇ ಕ್ಯಾಮೆರಾ ಸರಿ ಇತ್ತಲ್ಲೋ ತಮ್ಮ” ಅಂದರು.

ಚುಚ್ಚಿದ ಅವರ ಬೆರಳಿಗೆ ನಾನೇ ಹತ್ತಿ ಒತ್ತಿದೆ.

ಡಾಕ್ಟರುಗಳು ಮಾಡುವುದನ್ನೆಲ್ಲ ಮಾಡಿದರು. ಸಿಕ್ಕಷ್ಟು ರಕ್ತ ಕೊಟ್ಟರು. ಮೊದಲೇ ತೀರಾ ಕಡಿಮೆ ಇತ್ತು, ಹೋದದ್ದನ್ನು ತಡೆಯುವ ಶಕ್ತಿ ಮೈಗೆ ಉಳಿದಿರಲಿಲ್ಲ ಅಂದರು. ಸಂಜೆ ಹೊತ್ತಿಗೆ ಆ ಹುಡುಗಿ ಹೋದಳು. ನನ್ನ ಅಂಗಡಿಯಲ್ಲಿ ಕೂತು ಕನ್ನಡ ಟೈಪಿಂಗ್ ಕಲಿತ ಹುಡುಗಿ. ಅಪ್ಪ ಬಂದಿದ್ದಾರೆ ಅಂತ ಅವಳಿಗೆ ತಿಳಿಯಿತೋ ಇಲ್ಲವೋ, ಒಳಗಿದ್ದವರು ಸರಿಯಾಗಿ ಹೇಳಲಿಲ್ಲ.

ಹೊಸದುರ್ಗಕ್ಕೆ ಹೆಣದ ಹಿಂದೆಯೇ ಹೋದೆವು. ಅಳಿಯನ ತಾಯಿ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದು, “ಒಳಗೆ ಬರ್ರಿ ಬೀಗರೇ, ಇನ್ನೇನೈತೆ” ಅಂತ ಅತ್ತು ಕರೆದರು. ಇವರು ಬೀದಿಯಲ್ಲಿ, ಅಳಿಯನ ಅಂಗಡಿಗೆ ರಿಪೇರಿಗೆ ಬಂದ ಸುಟ್ಟ ಮೋಟಾರುಗಳ ಪಕ್ಕ ಕೂತೇ ಇದ್ದರು, ಬರಿಗಾಲಲ್ಲಿ. ನಾನು ರಟ್ಟೆ ಹಿಡಿದು ಎಳೆದೆ. “ಬಿಡು, ಆಣೆ ಐತೆ” ಅಂದರು. ಆವತ್ತೂ ಹೊಸ್ತಿಲು ತುಳಿಯಲಿಲ್ಲ! ಮಗಳನ್ನು ಹೊರಗೆ ತಂದ ಮೇಲೆ ನೋಡಿದರು. ನನಗೆ ಬಂದ ಸಿಟ್ಟಿಗೆ, ಅಲ್ಲೇ ಬಿಟ್ಟು ಬಂದುಬಿಡಬೇಕು ಅನ್ನಿಸಿತು. ಬಿಡಲಾಗಲಿಲ್ಲ, ಬೈಕಿನಲ್ಲಿ ಕೂರಿಸಿಕೊಂಡು ಬಂದೆ. ದಾರಿಯಲ್ಲಿ ಅವರ ಹಣೆ ನನ್ನ ಬೆನ್ನಿಗೆ ಆನಿತ್ತು.

ಆಮೇಲೆ ಹೋಟೆಲಿಗೆ ಬರುವುದು ನಿಂತಿತು. ನಾನೇ ಮನೆಗೆ ಹೋಗುತ್ತಿದ್ದೆ. ಹೊಟ್ಟೆಯಲ್ಲಿ ಹುಣ್ಣಾಗಿ ಒಳಗೊಳಗೇ ರಕ್ತ ಸೋರುತ್ತಿದೆ, ವಾಸಿಯಾಗುವ ಕಾಯಿಲೆ, ಆದರೆ ಮೊದಲು ರಕ್ತ ಹಾಕಬೇಕು ಅಂತ ಡಾಕ್ಟರು ಹೇಳಿದರು. ಇವರು ಒಪ್ಪಲಿಲ್ಲ. ಬೇಡಿಕೊಂಡೆ, ಬೈದೆ, ಮೊಮ್ಮಗಳ ಹೆಸರು ಹೇಳಿದೆ. ಕೊನೆಗೆ ಒಂದು ದಿನ ಅಂಗಳದಲ್ಲೇ ಕುಸಿದು ಬಿದ್ದಾಗ ಕೇಳದೆ ಕಾರಿಗೆ ಹಾಕಿಕೊಂಡು ದುರ್ಗಕ್ಕೆ ಒಯ್ದೆ. ಎಚ್ಚರ ಬಂದ ಕೂಡಲೇ ಸೂಜಿ ಕೀಳಲು ಹೊರಟರು. ಡಾಕ್ಟರು ಬಂದು ಕೇಳಿದರೆ, ಇವರು ಬುದ್ಧಿ ಸ್ಥಿಮಿತದಲ್ಲೇ ಇದ್ದು ರಕ್ತ ಬೇಡ ಅಂದರು.

ಅಳಿಯನಿಗೆ ನಾನೇ ಹೇಳಿ ಕಳಿಸಿದ್ದೆ. ಅವನು ಅಂಗಡಿ ಮುಚ್ಚಿ ಬಂದ. ಮಂಚದ ಪಕ್ಕ ನಿಂತು, ಅಂಗಿಯ ಬಲತೋಳನ್ನು ಮೊಣಕೈ ಮೇಲಿನ ತನಕ ಮಡಿಸಿಕೊಂಡು, “ಮಾವ, ನಂದೂ ಅದೇ ಗ್ರೂಪು. ಒಂದು ಮಾತು ಹೂಂ ಅನ್ರಿ” ಅಂದ.

ಕಾಂಪೌಂಡರಣ್ಣ ಅವನ ಮುಖ ನೋಡಿದರು. ಅವನ ಜೊತೆ ಅವರು ನೇರವಾಗಿ ಆಡಿದ ಮಾತು ಅದೊಂದೇ.

“ನನ್ನ ಮಗಳಿಗೆ ಒಂದು ಹನಿ ಕೊಡಾಕಾಗ್ಲಿಲ್ಲ ನಂಗೆ. ಈಗ ಅವಳ ಗಂಡನ ರಕ್ತ ಕುಡುದು ಬದುಕ್ಲೇನಪ್ಪ? ಬ್ಯಾಡ. ಮಗೀಗೆ ನೀನು ಬೇಕು, ನೀನು ಇಟ್ಕ.”

ಅವರ ಕಡೆಯ ಮಾತೂ ಹೆಚ್ಚೂಕಡಿಮೆ ಅದೇ. ಆ ವಾರ ದಾಟಲಿಲ್ಲ.

ಆ ವಾರವೆಲ್ಲ ಅಳಿಯ ಊರಿಗೆ ಹೋಗಲಿಲ್ಲ. ಮುದುಕ ಮನಸ್ಸು ಬದಲಾಯಿಸಬಹುದು ಅಂತ, ರಕ್ತ ತೆಗೆಯುವ ಕೋಣೆಯ ಎದುರಿನ ಬೆಂಚಿನ ಮೇಲೆ ಅಂಗಿ ತೋಳು ಮಡಿಸಿಕೊಂಡೇ ಕೂತಿದ್ದ. ಅವರ ಉಸಿರು ನಿಂತ ಮೇಲೆ ನಾನು ವಾರ್ಡಿನಿಂದ ಹೊರಗೆ ಬಂದಾಗಲೂ ಹಾಗೇ ಕೂತಿದ್ದ, ನನ್ನನ್ನು ಕಂಡು ಎದ್ದು ನಿಂತ. ತೋಳು ಇಳಿಸಪ್ಪ ಅಂದೆ.